ಮಾರ್ಕ್ ಟ್ವೈನ್ ಮುಳುಗಿದ್ದು ಯಂತ್ರದಿಂದಲಾ, ಪ್ರಕಾಶನದಿಂದಲಾ?

ತುಂಗಾತೀರ ಕೇಳಿದ್ದು:

ಮಾರ್ಕ್ ಟ್ವೈನ್ ಕುರಿತ ಕಿರುಪರಿಚಯ ಯಾವುದನ್ನು ತೆರೆದರೂ ಒಂದು ಸಾಲು ತಪ್ಪದೆ ಸಿಗುತ್ತೆ: ಅಚ್ಚುಮೊಳೆ (ಒಂದೊಂದು ಅಕ್ಷರದ ಲೋಹದ ತುಂಡು) ಜೋಡಿಸುವ ಯಂತ್ರಕ್ಕೆ ದುಡ್ಡು ಸುರಿದು 1894ರಲ್ಲಿ ದಿವಾಳಿಯಾದ, ಆಮೇಲೆ ಪ್ರಪಂಚ ಸುತ್ತಿ ಭಾಷಣ ಮಾಡಿ ಸಾಲ ತೀರಿಸಿದ ಅಂತ. ಈ ಲೆಕ್ಕ ನನಗೆ ಕೂಡಿಬರುತ್ತಿಲ್ಲ. 1885ರಲ್ಲಿ ‘ಹಕಲ್‌ಬೆರಿ ಫಿನ್’ ಕಾದಂಬರಿಯನ್ನೂ ಅಮೆರಿಕದ ಮಾಜಿ ಅಧ್ಯಕ್ಷ ಜನರಲ್ ಗ್ರಾಂಟ್ ಅವರ ನೆನಪುಗಳನ್ನೂ ತನ್ನದೇ ಸಂಸ್ಥೆಯಿಂದ ಹೊರತಂದು ಗೆದ್ದವನು ಒಂಬತ್ತೇ ವರ್ಷದಲ್ಲಿ ಕೈಯೆತ್ತಿದ್ದು ಹೇಗೆ? ಒಂದು ಪುಸ್ತಕಕ್ಕೆ ಅವನ ಕೈಗೆ ಎಷ್ಟು ಬರುತ್ತಿತ್ತು? ಆ ಯಂತ್ರದಲ್ಲಿ ನಿಜಕ್ಕೂ ಕೆಟ್ಟದ್ದು ಏನು? ದಿವಾಳಿ ಅಂತ ಆದಮೇಲೆ ಸಾಲ ಮನ್ನಾ ಆಗಬೇಕಿತ್ತಲ್ಲ, ಮತ್ತೆ ಊರೂರು ಅಲೆದದ್ದು ಯಾಕೆ?

“ಅವನಿಗೆ ವ್ಯವಹಾರಜ್ಞಾನ ಇರಲಿಲ್ಲ” ಅನ್ನೋ ಉತ್ತರ ಬೇಡ. ಅದನ್ನು ಎಲ್ಲರೂ ಬರೆದಿದ್ದಾರೆ.

---

ಹಳೇಲೆಕ್ಕ ಉತ್ತರ:

ಮೊದಲು ಅವನ ಪುಸ್ತಕ ಹೇಗೆ ಮಾರಾಟ ಆಗುತ್ತಿತ್ತು ಅಂತ ತಿಳಿಯದೆ ಮುಂದಿನದು ಅರ್ಥವಾಗಲ್ಲ. ಟ್ವೈನ್ ಅಂಗಡಿಯ ಲೇಖಕ ಅಲ್ಲ, ಮನೆಬಾಗಿಲ ಲೇಖಕ. 1869ರ ‘ದಿ ಇನ್ನೊಸೆಂಟ್ಸ್ ಅಬ್ರಾಡ್’ ಪುಸ್ತಕವನ್ನು ಹೊರತಂದ ಹಾರ್ಟ್‌ಫರ್ಡ್‌ನ ಅಮೆರಿಕನ್ ಪಬ್ಲಿಷಿಂಗ್ ಕಂಪನಿ ಚಂದಾ ಪದ್ಧತಿಯಲ್ಲಿ ವ್ಯಾಪಾರ ಮಾಡುತ್ತಿತ್ತು. ಏಜೆಂಟ್ ಒಬ್ಬ ಮಾದರಿ ಪುಸ್ತಕ ಹಿಡಿದು ಹಳ್ಳಿಹಳ್ಳಿ ತಿರುಗುತ್ತಾನೆ. ಅದರಲ್ಲಿ ಆಯ್ದ ಪುಟಗಳು, ಕಣ್ಣಿಗೆ ಹೊಡೆಯುವ ಚಿತ್ರಗಳು, ಬಟ್ಟೆ ಮತ್ತು ಚರ್ಮದ ರಟ್ಟಿನ ತುಣುಕುಗಳು, ಕೊನೆಯಲ್ಲಿ ಗಿರಾಕಿಗಳ ಹೆಸರು ಬರೆದುಕೊಳ್ಳಲು ಗೆರೆ ಹಾಕಿದ ಖಾಲಿ ಹಾಳೆಗಳು. ಆದೇಶ ಸಾಕಷ್ಟು ಬಂದಮೇಲೆ ಮುದ್ರಣ, ಆಮೇಲೆ ಮನೆಗೆ ತಲುಪಿಸಿ ವಸೂಲಿ. ಅಂಗಡಿಯೇ ಇಲ್ಲದ ಊರುಗಳ ರೈತರೂ ಸಣ್ಣ ವ್ಯಾಪಾರಿಗಳೂ ಕೊಳ್ಳುತ್ತಿದ್ದದ್ದು ಹೀಗೆ. ಹಣ ಕೊಟ್ಟವನಿಗೆ ತೂಕ ಬೇಕಿತ್ತು, ಹಾಗಾಗಿ ಪುಸ್ತಕ ದಪ್ಪಗಿರಬೇಕು. ‘ಇನ್ನೊಸೆಂಟ್ಸ್’ 650 ಪುಟ ದಾಟಿದ್ದು, 234 ಚಿತ್ರ ತುಂಬಿಸಿಕೊಂಡದ್ದು ಇದೇ ಕಾರಣಕ್ಕೆ. ಟ್ವೈನ್ ಕೆಲವು ಕಡೆ ಸುಮ್ಮನೆ ಎಳೆದಿದ್ದಾನೆ ಅನ್ನಿಸಿದರೆ, ಅದರಲ್ಲಿ ಅರ್ಧ ತಪ್ಪು ಈ ಪದ್ಧತಿಯದು.

ಈಗ ಹಣ. ಬಟ್ಟೆ ರಟ್ಟಿನ ಪ್ರತಿ 3.50 ಡಾಲರ್, ಟ್ವೈನ್‌ಗೆ ಶೇ. 5 ಗೌರವಧನ. ಅಂದರೆ ಪ್ರತಿಗೆ ಹದಿನೇಳೂವರೆ ಸೆಂಟ್. ಮೊದಲ ವರ್ಷ ಸುಮಾರು 70,000 ಪ್ರತಿ ಹೋದವು. ಗುಣಿಸಿದರೆ 12,000 ಡಾಲರ್‌ಗೆ ಸ್ವಲ್ಪ ಮೇಲೆ. ಆ ಕಾಲಕ್ಕೆ ದೊಡ್ಡ ಮೊತ್ತವೇ. ಆದರೆ ಏಜೆಂಟ್ ಕಮಿಷನ್ ಬೆಲೆಯ ಅರ್ಧದ ಹತ್ತಿರ ಹೋಗಿ, ಕಾಗದ-ಅಚ್ಚು-ರಟ್ಟಿನ ಖರ್ಚು ಕಳೆದಮೇಲೂ ಪ್ರಕಾಶಕನಿಗೆ ಲೇಖಕನಿಗಿಂತ ಎಷ್ಟೋ ಹೆಚ್ಚು ಉಳಿಯುತ್ತಿತ್ತು. 1872ರ ‘ರಫಿಂಗ್ ಇಟ್’ ಪುಸ್ತಕಕ್ಕೆ ಶೇ. 7.5 ಒಪ್ಪಿಸುವಾಗ, ಇದು ಲಾಭದ ಅರ್ಧಕ್ಕೆ ಸಮ ಅಂತ ಪ್ರಕಾಶಕ ಎಲೈಷಾ ಬ್ಲಿಸ್ ನಂಬಿಸಿದ್ದ. 1880ರಲ್ಲಿ ಬ್ಲಿಸ್ ತೀರಿಕೊಂಡಮೇಲೆ ಲೆಕ್ಕಪತ್ರ ನೋಡಿದ ಟ್ವೈನ್, ಹತ್ತು ವರ್ಷ ಮೋಸ ಹೋದೆ ಎಂಬ ತೀರ್ಮಾನಕ್ಕೆ ಬಂದ. ತಾನೇ ಪ್ರಕಾಶಕ ಆಗಬೇಕೆಂಬ ಹಟ ಬೇರೂರಿದ್ದು ಅಲ್ಲಿಂದ.

ಇನ್ನೊಂದು ತೂತು ಕಳ್ಳಮುದ್ರಣ. 1891ರ ತನಕ ಅಮೆರಿಕ ಬೇರೆ ದೇಶಗಳ ಲೇಖಕರಿಗೆ ಹಕ್ಕು ಕೊಡುತ್ತಿರಲಿಲ್ಲ, ಅಮೆರಿಕನ್ನರಿಗೂ ಹೊರಗೆ ತಾನಾಗಿ ರಕ್ಷಣೆ ಸಿಗುತ್ತಿರಲಿಲ್ಲ. ಬ್ರಿಟನ್ನಿನ ಹಕ್ಕು ಬೇಕಿದ್ದರೆ ಅಲ್ಲಿ ಮೊದಲು ಹೊರಬರಬೇಕು. ‘ಟಾಮ್ ಸಾಯರ್’ 1876ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಬಂತು. ಅಮೆರಿಕದ ಮುದ್ರಣ ಚಿತ್ರಗಳಿಗಾಗಿ, ಏಜೆಂಟರ ತಯಾರಿಗಾಗಿ ಕಾದು ಡಿಸೆಂಬರ್‌ಗೆ ಬಂತು. ಈ ಸಂದಿಯಲ್ಲಿ ಟೊರಾಂಟೋದ ಬೆಲ್ಫರ್ಡ್ ಬ್ರದರ್ಸ್ ಅಗ್ಗದ ಮುದ್ರಣ ಮಾಡಿ ಗಡಿ ದಾಟಿಸಿಬಿಟ್ಟಿತು. ಯಾರೋ ಓದಿ ಮುಗಿಸಿದ ಪುಸ್ತಕದ ಮಾದರಿ ಹಿಡಿದು ಏಜೆಂಟ್ ಬಾಗಿಲು ತಟ್ಟಿದರೆ ಕೊಳ್ಳೋರು ಯಾರು? 1881ರಲ್ಲಿ ‘ದಿ ಪ್ರಿನ್ಸ್ ಅಂಡ್ ದಿ ಪಾಪರ್’ ಬರುವ ಹೊತ್ತಿಗೆ ಟ್ವೈನ್ ತಾನೇ ಆಗ ಬ್ರಿಟಿಷ್ ಅಧೀನದಲ್ಲಿದ್ದ ಕೆನಡಾದ ಮಾಂಟ್ರಿಯಲ್‌ಗೆ ಹೋಗಿ ಕೂತ. ಪ್ರಕಟಣೆಯ ದಿನ ಬ್ರಿಟಿಷ್ ನೆಲದಲ್ಲಿ ವಾಸವಿದ್ದರೆ ಹಕ್ಕು ಗಟ್ಟಿ ಎಂಬ ಲೆಕ್ಕ.

1884ರಲ್ಲಿ ಸೋದರ ಸೊಸೆಯ ಗಂಡ ಚಾರ್ಲ್ಸ್ ವೆಬ್‌ಸ್ಟರ್ ಹೆಸರಲ್ಲಿ ಸ್ವಂತ ಸಂಸ್ಥೆ ಶುರುವಾಯಿತು. ‘ಹಕಲ್‌ಬೆರಿ ಫಿನ್’ ಮೊದಲ ಪುಸ್ತಕ. 40,000 ಆದೇಶ ಕೈಗೆ ಬರದೆ ಬಿಡುಗಡೆ ಬೇಡ ಅಂತ ಟ್ವೈನ್ ಕಟ್ಟಪ್ಪಣೆ. ಇಲ್ಲೂ ಒಂದು ಎಡವಟ್ಟು. 283ನೇ ಪುಟದ ಚಿತ್ರದಚ್ಚಿನಲ್ಲಿ ಯಾರೋ ಕಿಡಿಗೇಡಿ ಅಂಕಲ್ ಸೈಲಸ್‌ಗೆ ಅಶ್ಲೀಲವಾದ ಒಂದು ‘ಅಂಗ’ ಕೆತ್ತಿಬಿಟ್ಟ. ಪತ್ತೆ ಆಗುವಷ್ಟರಲ್ಲಿ ಮಾದರಿ ಪುಸ್ತಕಗಳು ಏಜೆಂಟರ ಕೈಯಲ್ಲಿದ್ದವು. ಆ ಹಾಳೆ ಕಿತ್ತು ಹೊಸದು ಅಂಟಿಸಿದರು, ಅಪರಾಧಿಯನ್ನು ಹಿಡಿದುಕೊಟ್ಟವರಿಗೆ 500 ಡಾಲರ್ ಬಹುಮಾನ ಸಾರಿದರು, ಕ್ರಿಸ್‌ಮಸ್ ವ್ಯಾಪಾರ ಕೈತಪ್ಪಿತು. ಬ್ರಿಟನ್, ಕೆನಡಾಗಳಲ್ಲಿ 1884ರ ಡಿಸೆಂಬರ್‌ನಲ್ಲೇ ಬಂದ ಕಾದಂಬರಿ ಸ್ವದೇಶದಲ್ಲಿ ಬಂದದ್ದು 1885ರ ಫೆಬ್ರುವರಿ 18ಕ್ಕೆ. ಆದರೂ ಕೆಲವೇ ತಿಂಗಳಲ್ಲಿ 50,000 ಮುಟ್ಟಿತು.

ಆಮೇಲೆ ಗ್ರಾಂಟ್. ಸೆಂಚುರಿ ಎಂಬ ಪ್ರಕಾಶನ ಸಂಸ್ಥೆ ಶೇ. 10 ಗೌರವಧನ ಮುಂದಿಟ್ಟಿತ್ತು. ಟ್ವೈನ್ ನಿವ್ವಳ ಲಾಭದ ಶೇ. 70 ಕೊಡುತ್ತೇನೆ ಅಂದ. ಗಂಟಲ ಕ್ಯಾನ್ಸರ್‌ನಲ್ಲಿ ನರಳುತ್ತಲೇ ಗ್ರಾಂಟ್ ಬರೆದು ಮುಗಿಸಿ 1885ರ ಜುಲೈ 23ರಂದು ತೀರಿಕೊಂಡರು. ಎರಡು ಸಂಪುಟ, ಮೂರು ಲಕ್ಷಕ್ಕೂ ಹೆಚ್ಚು ಜೊತೆ ಮಾರಾಟ. ವಿಧವೆ ಜೂಲಿಯಾಗೆ ಹೋದ ಮೊದಲ ಚೆಕ್ಕೇ 2 ಲಕ್ಷ ಡಾಲರ್, ಒಟ್ಟು 4 ಲಕ್ಷ ದಾಟಿತು.

ಸಂಸ್ಥೆ ಕೆಟ್ಟದ್ದು ಈ ಗೆಲುವಿನಿಂದಲೇ ಅಂತ ನನ್ನ ಖಚಿತ ಅಭಿಪ್ರಾಯ. ಗ್ರಾಂಟ್ ಪುಸ್ತಕವನ್ನು ಅಳತೆಗೋಲು ಮಾಡಿಕೊಂಡು 1887ರಲ್ಲಿ ಪೋಪ್ ಲಿಯೋ 13ರ ಜೀವನಚರಿತ್ರೆ ತಂದರು. ಲೋಕದ ಪ್ರತಿ ಕ್ಯಾಥೊಲಿಕ್ ಮನೆಯೂ ಕೊಳ್ಳುತ್ತೆ ಅನ್ನೋ ಲೆಕ್ಕ, ಕೊಳ್ಳಲಿಲ್ಲ. ಪಾದ್ರಿ ಹೆನ್ರಿ ವಾರ್ಡ್ ಬೀಚರ್‌ಗೆ ಆತ್ಮಕಥೆಗಾಗಿ ಮುಂಗಡ ಕೊಟ್ಟರು. ಬರೆದು ಮುಗಿಸುವ ಮೊದಲೇ ಅವರು ಹೋದರು. ಅದೇ ಹೊತ್ತಲ್ಲಿ ಸಂಸ್ಥೆಯ ಲೆಕ್ಕಗಾರ ಸುಮಾರು 25,000 ಡಾಲರ್ ನುಂಗಿದ್ದು ಬಯಲಾಯಿತು.

ಎಲ್ಲಕ್ಕಿಂತ ದೊಡ್ಡ ಗುಂಡಿ ‘ಎ ಲೈಬ್ರರಿ ಆಫ್ ಅಮೆರಿಕನ್ ಲಿಟರೇಚರ್’, 11 ಸಂಪುಟಗಳ ಸಂಕಲನ. ಒಂದೇ ಸಲ ಅಷ್ಟು ಹಣ ಯಾರು ಕೊಡ್ತಾರೆ? ಹಾಗಾಗಿ ಕಂತಿನ ಮೇಲೆ ಕೊಟ್ಟರು. ಗಿರಾಕಿ ತಿಂಗಳಿಗೆ ನಾಲ್ಕು ಕಾಸು ಕಟ್ಟುತ್ತಾನೆ. ಸಂಸ್ಥೆ ಮಾತ್ರ ಕಾಗದ, ಅಚ್ಚು, ರಟ್ಟು, ಸಾಗಣೆಯ ಹಣವನ್ನೂ ಏಜೆಂಟನ ಕಮಿಷನ್ನನ್ನೂ ಅವತ್ತೇ ಎಣಿಸಬೇಕು. ಒಂದೊಂದು ಜೊತೆ ಮಾರಿದಾಗಲೂ ಇವತ್ತಿನ ನಗದು ಹೊರಗೆ ಹೋಗಿ ಮುಂದಿನ ವರ್ಷದ ಬಾಕಿ ಪುಸ್ತಕದಲ್ಲಿ ಕೂರುತ್ತೆ. ಪುಸ್ತಕ ಚೆನ್ನಾಗಿಯೇ ಹೋಗುತ್ತಿತ್ತು; ಹೋದಷ್ಟೂ ಬ್ಯಾಂಕ್ ಸಾಲ ಬೆಳೆಯುತ್ತಿತ್ತು. ಇಂಥ ವ್ಯಾಪಾರಕ್ಕೆ ಆಳವಾದ ಬಂಡವಾಳ ಬೇಕು. ಬಂಡವಾಳ ಎಲ್ಲಿ ಹೋಗುತ್ತಿತ್ತು ಅನ್ನೋದಕ್ಕೆ ಮೊಳೆಪೆಟ್ಟಿಗೆಯವರು ಬರೀಬೇಕು.

---

ಮೊಳೆಪೆಟ್ಟಿಗೆ ಉತ್ತರ:

ಬರೀತೀನಿ. ಮೊದಲಿಗೆ ಒಂದು ಮಾತು: ಟ್ವೈನ್ ಈ ಯಂತ್ರಕ್ಕೆ ಮರುಳಾದದ್ದು ಅಚ್ಚಿನ ಕೆಲಸ ಗೊತ್ತಿಲ್ಲದೆ ಅಲ್ಲ, ಚೆನ್ನಾಗಿ ಗೊತ್ತಿದ್ದರಿಂದ. 1847ರಲ್ಲಿ ಅಪ್ಪ ಸತ್ತರು. ಹುಡುಗ ಹ್ಯಾನಿಬಲ್‌ನ ಅಚ್ಚುಕೂಟದಲ್ಲಿ ಶಿಷ್ಯವೃತ್ತಿಗೆ ಸೇರಿದ. ಆಮೇಲೆ ಅಣ್ಣ ಓರಿಯನ್‌ನ ಪತ್ರಿಕೆಯಲ್ಲಿ, 1853ರಿಂದ ಸೇಂಟ್ ಲೂಯಿಸ್, ನ್ಯೂಯಾರ್ಕ್, ಫಿಲಡೆಲ್ಫಿಯಾಗಳಲ್ಲಿ ಮೊಳೆ ಜೋಡಿಸಿಯೇ ಹೊಟ್ಟೆ ಹೊರೆದ. ನದಿಯ ದೋಣಿ ಪೈಲಟ್ ಆಗಿ ಲೈಸೆನ್ಸ್ ಪಡೆದದ್ದು 1859ರಲ್ಲಿ, ಅದು ನಂತರದ ಕಥೆ.

ಕೈಯಲ್ಲಿ ಜೋಡಿಸುವಾಗ ಮೂರು ಕೆಲಸ. ಮನೆಮನೆಯಾಗಿ ಮಾಡಿದ ತಟ್ಟೆಯಿಂದ (ಇದೇ ಕೇಸು) ಒಂದೊಂದೇ ಮೊಳೆ ಹೆಕ್ಕಿ ಕೈಯಲ್ಲಿ ಹಿಡಿದ ಪಟ್ಟಿಯಲ್ಲಿ (ಸ್ಟಿಕ್) ನಿಲ್ಲಿಸೋದು. ಸಾಲು ತುಂಬಿದಮೇಲೆ ಎರಡೂ ಅಂಚು ಸಮ ಬರುವಂತೆ ಪದಗಳ ನಡುವಿನ ತುಂಡುಗಳನ್ನು ಬದಲಿಸೋದು. ಅಚ್ಚಾದಮೇಲೆ ಮೊಳೆ ತೊಳೆದು ಮತ್ತೆ ಅವವುಗಳ ಮನೆಗೆ ಹಾಕೋದು. ಈ ಮೂರನೆಯದೇ ಜೋಡಣೆಗಾರನ ಸುಮಾರು ಕಾಲು ಭಾಗ ಹೊತ್ತನ್ನು ತಿನ್ನುತ್ತಿತ್ತು. ಯಂತ್ರ ಮಾಡಲು ಹೊರಟವರೆಲ್ಲ ಎಡವಿದ್ದು ಎರಡನೆಯದರಲ್ಲಿ: ಸಾಲು ಪೂರ್ತಿಯಾಗುವ ತನಕ ಎಷ್ಟು ಜಾಗ ಉಳಿಯುತ್ತೆ ಅಂತ ಗೊತ್ತಾಗಲ್ಲ, ಗೊತ್ತಾದಮೇಲೆ ಹಿಂದೆ ಹೋಗಿ ಎಲ್ಲ ಸಂದುಗಳನ್ನೂ ಸರಿಮಾಡಬೇಕು.

ಜೇಮ್ಸ್ ಪೇಜ್ ಎಂಬುವನು ಹಾರ್ಟ್‌ಫರ್ಡ್‌ನ ಕೋಲ್ಟ್ ಬಂದೂಕು ಕಾರ್ಖಾನೆಯಲ್ಲಿ ಇಂಥದೊಂದು ಯಂತ್ರ ಮಾಡುತ್ತಿದ್ದ. ಟ್ವೈನ್ 1880ರಲ್ಲಿ ಅದರಲ್ಲಿ ಹಣ ತೊಡಗಿಸಿದ, ಮೊದಲ ಕಂತು ಕೆಲವೇ ಸಾವಿರ. ಪೇಜ್‌ನ ಯೋಜನೆ ಮನುಷ್ಯನ ಕೈ ಮಾಡುವ ಮೂರೂ ಕೆಲಸಗಳನ್ನು ಹಾಗ್ಹಾಗೇ ಯಂತ್ರದಿಂದ ಮಾಡಿಸೋದು. 109 ಕೀಲಿಗಳ ಹಲಗೆ. ಒಂದೊಂದು ಅಕ್ಷರಕ್ಕೆ ಒಂದೊಂದು ಸಲ ಒತ್ತಬೇಕಿಲ್ಲ. ಹಲವು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಇಡೀ ಪದವೋ ಪದದ ತುಂಡೋ ಒಂದೇ ಏಟಿಗೆ ಇಳಿಯುತ್ತೆ. ಪದಗಳ ಅಗಲವನ್ನು ಯಂತ್ರವೇ ಅಳೆದು ಕೂಡಿಸಿ, ಉಳಿದ ಜಾಗವನ್ನು ಸಂದುಗಳ ಸಂಖ್ಯೆಗೆ ಭಾಗಿಸಿ, ತಕ್ಕ ದಪ್ಪದ ತುಂಡುಗಳನ್ನು ತಾನೇ ಆರಿಸಿ ತೂರಿಸುತ್ತೆ. ಇನ್ನೊಂದು ಬದಿಯಲ್ಲಿ ಅಚ್ಚಾದ ಹಳೇ ಮೊಳೆಗಳನ್ನು ವಿಂಗಡಿಸಿ, ಮುರಿದದ್ದನ್ನು ಹೊರಹಾಕಿ, ಉಳಿದದ್ದನ್ನು ಕಾಲುವೆಗಳಿಗೆ ವಾಪಸ್ ಕಳಿಸುತ್ತೆ. ಎಲೆಕ್ಟ್ರಾನಿಕ್ಸ್ ಹುಟ್ಟದ ಕಾಲದಲ್ಲಿ ಬರೀ ಕ್ಯಾಮ್, ಸನ್ನೆ, ಹಲ್ಲುಚಕ್ರಗಳಿಂದ ಮಾಡಿದ ಭಾಗಾಕಾರ ಇದು. 1889ರ ಜನವರಿ 5ರಂದು ಮಧ್ಯಾಹ್ನ 12.20ಕ್ಕೆ, ಇತಿಹಾಸದಲ್ಲೇ ಮೊದಲ ಬಾರಿ ಮೊಳೆಯ ಸಾಲೊಂದನ್ನು ಯಂತ್ರ ತಾನೇ ಸಮ ಮಾಡಿತು ಅಂತ ಟ್ವೈನ್ ಅಣ್ಣನಿಗೆ ಬರೆದ. ಆ ಮಾತು ಸುಳ್ಳಲ್ಲ.

ಮತ್ತೆ ಕೆಟ್ಟದ್ದೇನು? ಬಿಡಿಭಾಗಗಳು 18,000. ಪ್ರತಿ ಭಾಗವೂ ನಿಖರವಾಗಿ ಕೂಡಬೇಕು; ಒಂದು ಕಡೆ ಕೂದಲೆಳೆ ಸವೆದರೆ ಇನ್ನೊಂದು ಕಡೆ ಮೊಳೆ ಅಡ್ಡ ಬೀಳುತ್ತೆ. ಮೊಳೆ ಮಾಡುವುದು ಸೀಸ, ಆಂಟಿಮನಿ, ತವರ ಸೇರಿಸಿದ ಲೋಹದಿಂದ. ಬೆರಳಿಗೆ ಅದು ಗಟ್ಟಿ, ಉಕ್ಕಿನ ತಳ್ಳುಗೋಲಿಗೆ ಮೆತ್ತಗೆ. ಬೆರಳು ತಡೆದಾಗ ನಿಲ್ಲುತ್ತೆ, ಉಕ್ಕು ನಿಲ್ಲದೆ ತಳ್ಳಿ ಮುರಿಯುತ್ತೆ. ಒಂದು ತುಂಡು ಕಾಲುವೆಯಲ್ಲಿ ಸಿಕ್ಕಿಕೊಂಡರೆ ಇಡೀ ಯಂತ್ರ ನಿಲ್ಲಬೇಕು, ಅದನ್ನು ಬಿಚ್ಚಬಲ್ಲವರು ಕೈಬೆರಳೆಣಿಕೆಯ ಜನ. ಇದರ ಮೇಲೆ ಪೇಜ್‌ನ ಸ್ವಭಾವ. ಓಡುತ್ತಿರುವ ಯಂತ್ರವನ್ನು ಹೂಡಿಕೆದಾರರಿಗೆ ತೋರಿಸಬೇಕಾದ ಹೊತ್ತಲ್ಲಿ ಇನ್ನೊಂದು ಸುಧಾರಣೆ ಹೊಳೆದು ಬಿಚ್ಚಿ ಹರಡಿಬಿಡುತ್ತಿದ್ದ. ಪೇಟೆಂಟ್ ಅರ್ಜಿ 1887ರದು, ಮಂಜೂರಾದದ್ದು 1895ರಲ್ಲಿ.

1886ರ ಒಪ್ಪಂದದಲ್ಲಿ ಟ್ವೈನ್ ಮಾಡಿಕೊಂಡ ಅನಾಹುತ ಇನ್ನೂ ದೊಡ್ಡದು: ಯಂತ್ರ ಮುಗಿಯುವ ತನಕದ ಖರ್ಚನ್ನು ಹೊತ್ತುಕೊಂಡ, ಮೇಲೆ ಪೇಜ್‌ಗೆ ವರ್ಷಕ್ಕೆ 7,000 ಡಾಲರ್ ಸಂಬಳ. ಗಡುವು ಇಲ್ಲ, ಮೇಲ್ಮಿತಿ ಇಲ್ಲ. ಪ್ರ್ಯಾಟ್ ಅಂಡ್ ವಿಟ್ನಿ ಕಾರ್ಖಾನೆಯ ಬಿಲ್ಲು ಸೇರಿ ತಿಂಗಳಿಗೆ 3,000 ಡಾಲರ್‌ನಷ್ಟು ಹೋಗುತ್ತಿತ್ತು. 1891ರ ಫೆಬ್ರುವರಿಯಲ್ಲಿ ಸೆನೆಟರ್ ಜಾನ್ ಜೋನ್ಸ್ ಹಣ ಹಾಕಲು ಒಲ್ಲೆ ಅಂದಮೇಲೆ ನಲ್ಲಿ ನಿಂತಿತು. ಒಟ್ಟು ನಷ್ಟದ ಅಂದಾಜು 2 ಲಕ್ಷದ ಆಸುಪಾಸಿನಿಂದ 3 ಲಕ್ಷ ಡಾಲರ್‌ವರೆಗೆ ಇದೆ. ಟ್ವೈನ್ ಹಣದ ಜೊತೆ ಹೆಂಡತಿ ಒಲಿವಿಯಾಳ ತವರಿನ ಆಸ್ತಿಯೂ ಅದರಲ್ಲಿ ಹೋಯಿತು. ಅದೇ ಜೂನ್‌ನಲ್ಲಿ ಹಾರ್ಟ್‌ಫರ್ಡ್ ಮನೆಗೆ ಬೀಗ ಹಾಕಿ ಸಂಸಾರ ಯುರೋಪಿಗೆ ಹೊರಟಿತು, ಅಲ್ಲಿ ಬದುಕು ಅಗ್ಗ ಅಂತ.

ಇಷ್ಟರಲ್ಲಿ ಓಟ್ಮಾರ್ ಮರ್ಗೆಂಥಾಲರ್ ಎಂಬ ಇನ್ನೊಬ್ಬ ಯಂತ್ರಗಾರ ಕೈಕೆಲಸವನ್ನು ಅನುಕರಿಸುವುದನ್ನೇ ಬಿಟ್ಟಿದ್ದ. ಅವನ ಲೈನೊಟೈಪ್ 1886ರ ಜುಲೈನಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್‌ನಲ್ಲಿ ಓಡಿತು. ಕೀಲಿ ಒತ್ತಿದರೆ ಇಳಿಯುವುದು ಮೊಳೆ ಅಲ್ಲ, ಅಕ್ಷರದ ಹಿತ್ತಾಳೆ ಅಚ್ಚು. ಪದಗಳ ನಡುವೆ ಬೆಣೆ. ಸಾಲು ತುಂಬಿದಾಗ ಕೆಳಗಿನಿಂದ ಬೆಣೆಗಳನ್ನೆಲ್ಲ ಒಟ್ಟಿಗೆ ಮೇಲಕ್ಕೆ ತಳ್ಳಿದರೆ ಸಂದುಗಳು ಸಮನಾಗಿ ಅಗಲವಾಗಿ ಸಾಲು ಬಿಗಿಯುತ್ತೆ, ಲೆಕ್ಕಾಚಾರವೇ ಬೇಡ. ಅದರ ಬಾಯಿಗೆ ಕಾದ ಲೋಹ ಎರೆದರೆ ಇಡೀ ಸಾಲು ಒಂದೇ ಗಟ್ಟಿಯಾಗಿ ಬರುತ್ತೆ. ಅಚ್ಚಾದಮೇಲೆ ಗಟ್ಟಿಯನ್ನು ಕರಗಿಸಿ ಮತ್ತೆ ಎರೆಯೋದು, ಮೊಳೆ ವಿಂಗಡಿಸುವ ಕೆಲಸವೇ ಮಾಯ. ವಿಂಗಡಿಸಬೇಕಾದದ್ದು ಹಿತ್ತಾಳೆ ಅಚ್ಚುಗಳನ್ನು ಮಾತ್ರ. ಅವುಗಳ ತಲೆಯ ಹಲ್ಲುಗಳು ಬೇರೆಬೇರೆ ಇರುವುದರಿಂದ ಕಂಬಿಯ ಮೇಲೆ ಜಾರುತ್ತ ತಮ್ಮ ತಮ್ಮ ಜಾಗದಲ್ಲಿ ಬೀಳುತ್ತವೆ. ನಿಧಾನ ಇರಬಹುದು, ಆದರೆ ನಿಂತರೆ ಮಾಮೂಲಿ ಮೆಕ್ಯಾನಿಕ್ ಸರಿಮಾಡಬಹುದು.

1894ರಲ್ಲಿ ಚಿಕಾಗೋ ಹೆರಾಲ್ಡ್ ಪತ್ರಿಕೆಯಲ್ಲಿ ಪೇಜ್ ಯಂತ್ರದ ನಿಜವಾದ ಪರೀಕ್ಷೆ ನಡೆಯಿತು. ಓಡಿದಾಗ ಅಲ್ಲಿದ್ದ ಲೈನೊಟೈಪ್‌ಗಳನ್ನು ಮೀರಿಸಿತು. ಆದರೆ ಮೊಳೆ ಮುರಿದು ಪದೇಪದೇ ನಿಂತಿತು. ದಿನಪತ್ರಿಕೆಗೆ ಬೇಕಾದದ್ದು ರಾತ್ರಿ ಗಡುವಿಗೆ ನಿಲ್ಲದ ಯಂತ್ರ. ಕೊನೆಗೆ ಅದರ ಹಕ್ಕುಗಳನ್ನು ಮರ್ಗೆಂಥಾಲರ್ ಕಂಪನಿಯೇ ಕೊಂಡುಕೊಂಡಿತು. ಉಳಿದಿರುವ ಒಂದು ಯಂತ್ರ ಹಾರ್ಟ್‌ಫರ್ಡ್‌ನ ಟ್ವೈನ್ ಮನೆಯ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮಲ್ಲಿ ಒತ್ತಕ್ಷರ, ಗುಣಿತ ಸೇರಿ ಕನ್ನಡದ ಕೇಸಿಗೆ ನೂರಾರು ಮನೆ ಬೇಕಾಗುತ್ತಿತ್ತು, ಜೋಡಣೆಗಾರ ನಿಂತಲ್ಲೇ ಅರ್ಧ ಸುತ್ತು ತಿರುಗಬೇಕಿತ್ತು. ಪೇಜ್‌ನ ಹಲಗೆಗೆ ಕನ್ನಡ ಕಲಿಸಲು ಹೋಗಿದ್ದರೆ ಟ್ವೈನ್‌ಗೆ ಇನ್ನೆರಡು ಪ್ರಕಾಶನ ಬೇಕಾಗುತ್ತಿತ್ತು.

---

ಕಡತವಾಸಿ ಉತ್ತರ:

ಯಂತ್ರದ ಮಾತು ಬಂತಲ್ಲ, ಜೊತೆಗೆ ಒಂದು ತಿದ್ದುಪಡಿ. ‘ಟೈಪ್‌ರೈಟರ್‌ನಲ್ಲಿ ಸಿದ್ಧವಾದ ಮೊದಲ ಕಾದಂಬರಿ ಟಾಮ್ ಸಾಯರ್’ ಅನ್ನೋದು ಎಲ್ಲ ಕಡೆ ತಿರುಗುತ್ತಿದೆ. ಹಾಗೆ ಹೇಳಿದ್ದು ಟ್ವೈನೇ, ವಯಸ್ಸಾದಮೇಲೆ, ತಪ್ಪು ನೆನಪಿನಿಂದ. 1874ರಲ್ಲಿ 125 ಡಾಲರ್ ಕೊಟ್ಟು ರೆಮಿಂಗ್ಟನ್ ಕೊಂಡದ್ದು ನಿಜ. ಬೆರಳಚ್ಚಿನ ಪ್ರತಿಯಾಗಿ ಪ್ರಕಾಶಕರ ಕೈ ಸೇರಿದ್ದು 1883ರ ‘ಲೈಫ್ ಆನ್ ದಿ ಮಿಸಿಸಿಪ್ಪಿ’. ಅದು ಕಾದಂಬರಿಯೇ ಅಲ್ಲ.

‘ಹಕ್’ ಹಸ್ತಪ್ರತಿಯ ದಾರಿಯೂ ಗೊತ್ತಿರಲಿ: 1876ರ ಬೇಸಿಗೆಯಲ್ಲಿ ಎಲ್ಮೈರಾದ ಕ್ವಾರಿ ಫಾರ್ಮ್‌ನಲ್ಲಿ ಸುಮಾರು 400 ಹಾಳೆ ಬರೆದು ನಿಲ್ಲಿಸಿದ, 1879-80ರಲ್ಲಿ ಸ್ವಲ್ಪ ಮುಂದುವರಿಸಿದ, 1883ರಲ್ಲಿ ಒಂದೇ ಉಸಿರಿಗೆ ಮುಗಿಸಿದ. ಒಂದು ಭಾಗ ಬಫಲೋ ಗ್ರಂಥಾಲಯದಲ್ಲಿತ್ತು. ಕಳೆದೇಹೋಯಿತು ಅಂದುಕೊಂಡಿದ್ದ ಮೊದಲರ್ಧ 1990ರಲ್ಲಿ ಲಾಸ್ ಏಂಜಲೀಸ್‌ನ ಮನೆಯೊಂದರ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿತು. ಈಗ ಎರಡೂ ಬಫಲೋದಲ್ಲಿವೆ.

---

ಹಳೇಲೆಕ್ಕ ಉತ್ತರ:

ಮೊಳೆಪೆಟ್ಟಿಗೆಯವರ ವಿವರಕ್ಕೆ ನನ್ನ ತಕರಾರಿಲ್ಲ. ಆದರೆ ದಾಖಲೆಯಲ್ಲಿ ಮುಳುಗಿದ್ದು ಯಂತ್ರ ಅಲ್ಲ, ವೆಬ್‌ಸ್ಟರ್ ಸಂಸ್ಥೆ. ಈ ವ್ಯತ್ಯಾಸ ಮುಖ್ಯ. ಯಂತ್ರದಲ್ಲಿ ಕಳೆದದ್ದು ಟ್ವೈನ್ ಮನೆಯ ಹಣ. ಬಾಕಿ ಕೇಳಿಕೊಂಡು ಬಂದವರು ಸಂಸ್ಥೆಗೆ ಸಾಲ ಕೊಟ್ಟವರು: ಬ್ಯಾಂಕು, ಮುದ್ರಕರು, ರಟ್ಟು ಕಟ್ಟುವವರು. 1893ರಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು ಸಾಲುಸಾಲಾಗಿ ಕುಸಿದವು. ಅಲ್ಲಿತನಕ ಸಾಲಪತ್ರಗಳನ್ನು ನವೀಕರಿಸುತ್ತಿದ್ದ ಮೌಂಟ್ ಮಾರಿಸ್ ಬ್ಯಾಂಕ್ ಹಣ ವಾಪಸ್ ಕೇಳಿತು. ಕಂತಿನ ಗಿರಾಕಿಗಳೂ ಕೊಡೋದು ನಿಲ್ಲಿಸಿದ್ದರು. 1894ರ ಏಪ್ರಿಲ್ 18ರಂದು ಸಂಸ್ಥೆ ಆಸ್ತಿಯನ್ನೆಲ್ಲ ಸಾಲ ಕೊಟ್ಟವರ ಹಿತಕ್ಕಾಗಿ ಒಪ್ಪಿಸಿ ಬಾಗಿಲು ಹಾಕಿತು.

ಪಾಲುದಾರಿಕೆ ಸಂಸ್ಥೆ ಆದ್ದರಿಂದ ಹೊಣೆಗೆ ಮಿತಿ ಇಲ್ಲ, ಸಾಲ ನೇರ ಟ್ವೈನ್ ತಲೆಗೆ ಬಂತು. ಹೊರಗಿನವರಿಗೆ ಕೊಡಬೇಕಿದ್ದದ್ದು ಸುಮಾರು 1 ಲಕ್ಷ ಡಾಲರ್.

ಇಲ್ಲಿ ಹೆನ್ರಿ ರಾಜರ್ಸ್ ಕೈಹಾಕಿದ್ದು ನೋಡಿ. ಸ್ಟ್ಯಾಂಡರ್ಡ್ ಆಯಿಲ್‌ನ ದೊಡ್ಡ ಕುಳ. 1893ರ ಶರತ್ಕಾಲದಿಂದ ಟ್ವೈನ್ ವ್ಯವಹಾರ ನೋಡುತ್ತಿದ್ದ. ಒಲಿವಿಯಾ ತನ್ನ ಸ್ವಂತ ಹಣದಿಂದ ಸಂಸ್ಥೆಗೆ 60,000 ಡಾಲರ್‌ಗೂ ಮೇಲೆ ಕೊಟ್ಟಿದ್ದಳು. ಅಂದಮೇಲೆ ಅವಳೂ ಸಾಲ ಕೊಟ್ಟವಳೇ, ಅವಳಿಗೇ ಮೊದಲ ಹಕ್ಕು ಅಂತ ರಾಜರ್ಸ್ ವಾದಿಸಿದ. ಅದಕ್ಕೆ ಬದಲಾಗಿ ಟ್ವೈನ್ ಪುಸ್ತಕಗಳ ಹಕ್ಕುಸ್ವಾಮ್ಯವನ್ನು ಅವಳ ಹೆಸರಿಗೆ ಬರೆಸಿದ. ಹಾರ್ಟ್‌ಫರ್ಡ್ ಮನೆ ಮೊದಲೇ ಅವಳದು. ಆ ಗಡಿಬಿಡಿಯಲ್ಲಿ ಹಕ್ಕುಸ್ವಾಮ್ಯ ಹರಾಜಿಗೆ ಬಂದಿದ್ದರೆ ‘ಟಾಮ್’, ‘ಹಕ್’ ಎರಡೂ ಚಿಲ್ಲರೆ ಕಾಸಿಗೆ ಹೋಗುತ್ತಿದ್ದವು. ನನ್ನ ಪ್ರಕಾರ ಕುಟುಂಬವನ್ನು ಉಳಿಸಿದ್ದು ಭಾಷಣಗಳಿಗಿಂತ ಮೊದಲು ಈ ಒಂದು ಕಾಗದ.

ಸಾಲ ಮನ್ನಾ ವಿಚಾರ: 1878ರಿಂದ 1898ರ ತನಕ ಅಮೆರಿಕದಲ್ಲಿ ಕೇಂದ್ರದ ದಿವಾಳಿ ಕಾನೂನೇ ಇರಲಿಲ್ಲ. ಹಾಗಾಗಿ ಇವತ್ತಿನ ಅರ್ಥದಲ್ಲಿ ಕೋರ್ಟು ಒಂದು ಆದೇಶ ಹೊರಡಿಸಿ ದೇಶಾದ್ಯಂತ ಸಾಲ ಅಳಿಸಿಹಾಕುವ ಮಾತಿಲ್ಲ. ರಾಜ್ಯದ ಕಾನೂನು, ಸಾಲ ಕೊಟ್ಟವರ ಒಪ್ಪಿಗೆ ಇವೆರಡರ ಮೇಲೆ ನಡೆಯಬೇಕು. ಡಾಲರಿಗೆ 50 ಸೆಂಟ್ ತೆಗೆದುಕೊಂಡು ಕೈತೊಳೆಯಲು ಹೆಚ್ಚಿನವರು ಸಿದ್ಧರಿದ್ದರು. ಎಲ್ಲರೂ ಅಲ್ಲ, 1895ರ ಜುಲೈನಲ್ಲಿ, ಪ್ರವಾಸಕ್ಕೆ ಮೂಟೆ ಕಟ್ಟುವ ಹೊತ್ತಿಗೆ, ಮುದ್ರಕನೊಬ್ಬ ಟ್ವೈನ್‌ನನ್ನು ಕೋರ್ಟಿಗೆ ಎಳೆದ. ಪೂರ್ತಿ ಕೊಡಬೇಕೆಂದು ಹಟ ಹಿಡಿದವರಲ್ಲಿ ಒಲಿವಿಯಾ ಮುಂದು, ರಾಜರ್ಸ್‌ಗೂ ಅದೇ ಸರಿ ಅನ್ನಿಸಿತು. ಹೆಸರೇ ಬಂಡವಾಳ ಆದ ಲೇಖಕನಿಗೆ ಅರ್ಧ ತೀರಿಸಿದವ ಎಂಬ ಹಣೆಪಟ್ಟಿ ದುಬಾರಿ. ಕೊನೆಯ ಸಾಲ ತೀರಿದ್ದು 1898ರ ಜನವರಿಯಲ್ಲಿ. ಭಾಷಣದ ಹಣ, ‘ಫಾಲೋಯಿಂಗ್ ದಿ ಇಕ್ವೇಟರ್’ ಪುಸ್ತಕದ ಹಣ, ರಾಜರ್ಸ್ ಮಾಡಿಕೊಟ್ಟ ಹೂಡಿಕೆಯ ಲಾಭ ಎಲ್ಲ ಸೇರಿ ಆದದ್ದು ಅದು.

---

ತುಂಗಾತೀರ:

ಇದು ಬೇಕಿತ್ತು. ಕಂತಿನ ಲೆಕ್ಕ ಓದಿದಮೇಲೆ ಒಂಬತ್ತು ವರ್ಷದ ಕಥೆ ಹಿಡಿತಕ್ಕೆ ಸಿಕ್ಕಿತು. ಇನ್ನೆರಡು: ಆ ಪ್ರವಾಸದಲ್ಲಿ ಭಾರತಕ್ಕೆ ಬಂದಿದ್ದ ಅಂತ ಗೊತ್ತು, ನಮ್ಮ ಮೈಸೂರು ಕಡೆ ಬಂದಿದ್ದನಾ? ಸಾಲ ತೀರಿದಮೇಲೆ ಹಣದ ವಿಷಯದಲ್ಲಿ ಬುದ್ಧಿ ಕಲಿತನಾ?

---

ಕಡತವಾಸಿ ಉತ್ತರ:

ಮೈಸೂರಿಗೆ ಬರಲಿಲ್ಲ. 1895ರ ಜುಲೈ ಮಧ್ಯದಲ್ಲಿ ಕ್ಲೀವ್‌ಲ್ಯಾಂಡ್‌ನಿಂದ ಶುರು, ಪಶ್ಚಿಮಕ್ಕೆ ವ್ಯಾಂಕೂವರ್ ತನಕ. ಈ ಭಾಗದ ವ್ಯವಸ್ಥಾಪಕ ಜೇಮ್ಸ್ ಪಾಂಡ್. ಆಮೇಲೆ ವಿಕ್ಟೋರಿಯಾದಿಂದ ಹಡಗು. ಹೊನೊಲುಲುವಿನಲ್ಲಿ ಕಾಲರಾ ಇದ್ದದ್ದರಿಂದ ಇಳಿಯಲಾಗದೆ ಅಲ್ಲಿನ ಕಾರ್ಯಕ್ರಮದ ಹಣ ಹೋಯಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಲೋನ್ ದಾಟಿ 1896ರ ಜನವರಿ 18ಕ್ಕೆ ಮುಂಬಯಿ. ಜೊತೆಗೆ ಒಲಿವಿಯಾ, ನಡುವಿನ ಮಗಳು ಕ್ಲಾರಾ. ಮುಂಬಯಿ, ಪುಣೆ, ಬರೋಡಾ, ಅಲಹಾಬಾದ್, ಕಾಶಿ, ಕಲ್ಕತ್ತಾ, ಡಾರ್ಜಿಲಿಂಗ್, ಲಖನೌ, ಕಾನ್ಪುರ, ಆಗ್ರಾ, ಜೈಪುರ, ದಿಲ್ಲಿ, ಲಾಹೋರ್, ರಾವಲ್ಪಿಂಡಿ. ರೈಲು ಎಲ್ಲಿ, ಇಂಗ್ಲಿಷ್ ಬಲ್ಲ ಟಿಕೆಟ್ ಗಿರಾಕಿ ಎಲ್ಲಿ, ಅಲ್ಲಿ ಭಾಷಣ. ಮಾರ್ಚ್ ಕೊನೆಯಲ್ಲಿ ಕಲ್ಕತ್ತಾದಿಂದ ಹೊರಟ ಹಡಗು ಮದ್ರಾಸಿನಲ್ಲಿ ನಿಂತು ಸಿಲೋನ್, ಮಾರಿಷಸ್ ಕಡೆ ಹೋಯಿತು. ದಕ್ಷಿಣಕ್ಕೆ ಸಿಕ್ಕಿದ್ದು ಅಷ್ಟೇ.

ಕಾರ್ಯಕ್ರಮದ ಹೆಸರು ‘ಅಟ್ ಹೋಮ್’, ಸುಮಾರು ಒಂದೂವರೆ ಗಂಟೆ, ಕೈಯಲ್ಲಿ ಚೀಟಿ ಇಲ್ಲ. ನೀತಿಬೋಧೆ ಮಾಡುವವನಂತೆ ಮುಖ ಬಿಗಿದು ಶುರು. ಕದ್ದ ಕಲ್ಲಂಗಡಿ ಕಾಯಿಯಾಗಿತ್ತು ಅಂತ ಮಾರುವವನಿಗೇ ವಾಪಸ್ ಕೊಟ್ಟು ಹಣ್ಣಾದದ್ದು ಕೇಳಿದ ಕಥೆ, ಅಜ್ಜನ ಹಳೇ ಟಗರಿನ ಕಥೆ, ಕೊನೆಗೆ ಚಿನ್ನದ ಕೈಯ ದೆವ್ವದ ಕಥೆ. ಸಭೆ ಸಭೆಗೆ ಕ್ರಮ ಬದಲಿಸುತ್ತಿದ್ದ. ಒಂದೇ ಊರಲ್ಲಿ ಎರಡು ಮೂರು ರಾತ್ರಿ ಟಿಕೆಟ್ ಮಾರಬೇಕಾದರೆ ಬೇರೆ ದಾರಿ ಇಲ್ಲ. ಅರವತ್ತು ತುಂಬಿತ್ತು, ಕೀವುಗಡ್ಡೆ, ಕೆಮ್ಮು ಬಿಡದೆ ಕಾಡಿದವು. ಮುಂಬಯಿಯಲ್ಲಿ ಇಳಿದ ಕೂಡಲೇ ಕೆಲವು ದಿನ ಹಾಸಿಗೆ ಹಿಡಿದ. ಡಾರ್ಜಿಲಿಂಗ್‌ನಿಂದ ಇಳಿಯುವಾಗ ಪುಟ್ಟ ರೈಲಿನ ಹಳಿ ಮೇಲೆ ಕೈಬಂಡಿಯಲ್ಲಿ 35 ಮೈಲಿ ಜಾರಿ ಬಂದದ್ದು ಮಾತ್ರ ಅವನಿಗೆ ಇಡೀ ಪ್ರವಾಸದ ಖುಷಿ, ‘ಇಕ್ವೇಟರ್’ನಲ್ಲಿ ಅದರ ಅಧ್ಯಾಯ ಓದಿ.

ದಕ್ಷಿಣ ಆಫ್ರಿಕಾದಲ್ಲಿ 1896ರ ಜುಲೈಗೆ ಮುಗಿಯಿತು. ಇಂಗ್ಲೆಂಡ್ ಸೇರಿ ಮನೆ ಮಾಡಿ ಉಳಿದಿಬ್ಬರು ಮಕ್ಕಳನ್ನು ಕರೆಸಿಕೊಳ್ಳುವ ಹಂಚಿಕೆ. ಅಷ್ಟರಲ್ಲಿ ಆಗಸ್ಟ್ 18ರಂದು ಹಿರಿಯ ಮಗಳು ಸೂಸಿ ಹಾರ್ಟ್‌ಫರ್ಡ್ ಮನೆಯಲ್ಲೇ ಮೆದುಳುಪೊರೆಯ ಉರಿಯೂತದಿಂದ ಸತ್ತಳು, 24 ವರ್ಷ. ಒಲಿವಿಯಾ, ಕ್ಲಾರಾ ಅಟ್ಲಾಂಟಿಕ್ ನಡುವೆ ಹಡಗಿನಲ್ಲಿದ್ದರು. ಆ ಮನೆಯಲ್ಲಿ ಸಂಸಾರ ಮತ್ತೆ ವಾಸ ಮಾಡಲಿಲ್ಲ, 1903ರಲ್ಲಿ ಮಾರಿದರು. ‘ಇಕ್ವೇಟರ್’ ಓದುವಾಗ ಇದು ತಲೆಯಲ್ಲಿರಲಿ, ಬರೆದದ್ದು ಆ ಸಾವಿನ ನಂತರದ ತಿಂಗಳುಗಳಲ್ಲಿ.

---

ಹಳೇಲೆಕ್ಕ ಉತ್ತರ:

ಬುದ್ಧಿ ಕಲಿತನಾ ಅಂದರೆ, ಹೂಡಿಕೆಯಲ್ಲಿ ಇಲ್ಲ. 1900ರ ನಂತರ ಪ್ಲಾಸ್ಮನ್ ಅನ್ನೋ ಹಾಲಿನ ಪುಡಿ ಕಂಪನಿಯಲ್ಲಿ ಮತ್ತೆ ಕಳೆದ. ರಾಜರ್ಸ್ ಪಕ್ಕದಲ್ಲಿದ್ದದ್ದರಿಂದ ಮನೆ ಉಳಿಯಿತು.

ಹಕ್ಕಿನ ವಿಷಯದಲ್ಲಿ ಮಾತ್ರ ಪಕ್ಕಾ ಆದ. 1903ರ ಅಕ್ಟೋಬರ್‌ನಲ್ಲಿ ಹಾರ್ಪರ್ ಅಂಡ್ ಬ್ರದರ್ಸ್ ಜೊತೆ ಒಪ್ಪಂದವಾಗಿ ಎಲ್ಲ ಪುಸ್ತಕಗಳೂ ಒಂದೇ ಕಡೆ ಸೇರಿದವು, ಐದು ವರ್ಷ ವರ್ಷಕ್ಕೆ ಕನಿಷ್ಠ 25,000 ಡಾಲರ್ ಖಾತರಿ. ಆಗಿನ ಕಾನೂನಿನಲ್ಲಿ ಹಕ್ಕು ಮೊದಲು 28 ವರ್ಷ, ನವೀಕರಿಸಿದರೆ ಇನ್ನು 14, ಒಟ್ಟು 42. ‘ಇನ್ನೊಸೆಂಟ್ಸ್ ಅಬ್ರಾಡ್’ ಲೆಕ್ಕದಲ್ಲಿ ಅದು 1911ಕ್ಕೆ ಮುಗಿಯುತ್ತಿತ್ತು, ಮಕ್ಕಳ ಕಾಲದಲ್ಲೇ. ಅದಕ್ಕೇ 1906ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ಗೆ ಹೋಗಿ, ಚಳಿಗಾಲದಲ್ಲಿ ಬಿಳಿ ಸೂಟು ತೊಟ್ಟು ಸಂಸತ್ತಿನ ಸಮಿತಿ ಮುಂದೆ ನಿಂತದ್ದು. ಲೇಖಕನ ಆಯುಸ್ಸು ಮತ್ತು ಅದರ ಮೇಲೆ 50 ವರ್ಷ ಕೊಡಿ ಅನ್ನೋದು ಬೇಡಿಕೆ. ಆ ಪ್ರಸಿದ್ಧ ಬಿಳಿ ಸೂಟು ಬರೀ ಶೋಕಿ ಅಂದುಕೊಂಡವರು ಮರುದಿನದ ಪತ್ರಿಕೆಗಳಿಗೆ ಸುದ್ದಿ ಹೇಗೆ ಸಿಗುತ್ತೆ ಅಂತ ಯೋಚಿಸಲಿ. ಇನ್ನೊಂದು ಬೇಲಿ 1908ರ ಡಿಸೆಂಬರ್‌ನಲ್ಲಿ: ‘ಮಾರ್ಕ್ ಟ್ವೈನ್ ಕಂಪನಿ’ ನೋಂದಾಯಿಸಿ, 1863ರ ಫೆಬ್ರುವರಿಯಿಂದ ಬಳಸುತ್ತಿದ್ದ ಆ ಕಾವ್ಯನಾಮವನ್ನೇ ಕಂಪನಿಯ ಆಸ್ತಿ ಮಾಡಿದ. ಪುಸ್ತಕದ ಹಕ್ಕು ಮುಗಿದರೂ ಹೆಸರು ಮನೆಯವರ ಕೈಯಲ್ಲಿ ಇರಲಿ ಅಂತ.

1909ರಲ್ಲಿ ಬಂದ ಹೊಸ ಕಾನೂನು ಅವನು ಕೇಳಿದಷ್ಟು ಕೊಡಲಿಲ್ಲ. ನವೀಕರಣದ ಅವಧಿಯನ್ನು 14ರಿಂದ 28ಕ್ಕೆ ಏರಿಸಿತು, ಒಟ್ಟು 56. ಟ್ವೈನ್ 1910ರ ಏಪ್ರಿಲ್ 21ರಂದು ತೀರಿಕೊಂಡ. ಉಳಿದಿದ್ದ ಒಬ್ಬಳೇ ಮಗಳು ಕ್ಲಾರಾಗೆ ‘ಇನ್ನೊಸೆಂಟ್ಸ್’ ಹಕ್ಕು 1925ರ ತನಕ ನಡೆಯಿತು.